ಹೂಗ್ಯಂಗೆ ಎರಡು ಗಡಿಗೆ ಮೊಸರು

ಒಂದು ಜೀಪು, ಅದರ ಹಿಂದೆ ಒಂದು ಟ್ರೈಲರು, ಟ್ರೈಲರಿನಲ್ಲಿ ಎರಡು ಗಡಿಗೆ ಮೊಸರು. ಕೊಳ್ಳೇಗಾಲದಿಂದ ಹೂಗ್ಯಂಗೆ ನಾನೂ ನಮ್ಮ ಭಾವ ಪುಟ್ಟಬಸಪ್ಪನವರೂ ಹೊರಟಾಗ ನೋಡಿದವರ ಕಣ್ಣಿಗೆ ಕಂಡದ್ದು ಇಷ್ಟೇ. ದಾರಿಯಲ್ಲಿ ಸಿಕ್ಕವರೆಲ್ಲ ನಿಲ್ಲಿಸಿ ಕಾರಣ ಕೇಳಿದರು. ಹೇಳಿದ ಮೇಲೆ ಕೆಲವರು ನಕ್ಕರು. ಕೆಲವರು, ನಿಮ್ಮ ಮನೆಯಲ್ಲಿ ದೊಡ್ಡವರು ಅಂತ ಯಾರೂ ಇಲ್ಲವೇ ಎಂದು ವಿಚಾರಿಸಿದರು. ಇದ್ದರು. ಅವರೇ ನಮ್ಮನ್ನು ಕಳಿಸಿದ್ದು.

ನಮ್ಮ ಅವ್ವನಿಗೆ ಒಬ್ಬಳೇ ತಂಗಿ, ಗೌರವ್ವ. ಹನೂರು ದಾಟಿ, ರಾಮಾಪುರ ದಾಟಿ, ಕಾಡಿನ ಅಂಚಿನಲ್ಲಿರುವ ಹೂಗ್ಯಂಗೆ ಅವಳನ್ನು ಕೊಟ್ಟಿದ್ದರು. ಚಿಕ್ಕಂದಿನಲ್ಲಿ ಅಕ್ಕತಂಗಿಯರು ಒಂದೇ ಬೀಸುವ ಕಲ್ಲಿನ ಎರಡು ಕಡೆ ಎದುರುಬದುರು ಕೂತು, ಒಂದೇ ಗೂಟ ಹಿಡಿದು ರಾಗಿ ಬೀಸಿದವರು. ಈಗ ಒಬ್ಬರ ಮುಖ ಒಬ್ಬರು ನೋಡಿ ವರ್ಷಗಳೇ ಆಗಿದ್ದವು. ಕಡೆಯ ಸಲ ಅವ್ವ ಹೊರಟಾಗ ಬಸ್ಸಿನ ಹಿಂದಿನ ಸೀಟು ಸಿಕ್ಕಿ, ಒಂದು ಹಳ್ಳದಲ್ಲಿ ಬಸ್ಸು ಕುಕ್ಕಿದ ಹೊಡೆತಕ್ಕೆ ಸೊಂಟ ಹಿಡಿದುಕೊಂಡು, ಅರ್ಧ ದಾರಿಯಿಂದ ಎತ್ತಿನ ಗಾಡಿಯಲ್ಲಿ ಮಲಗಿಸಿ ವಾಪಸು ತರಬೇಕಾಯಿತು. ಅಂದಿನಿಂದ ಚಕ್ರವಿರುವ ಯಾವುದನ್ನೂ ಅವ್ವ ಹತ್ತಿಲ್ಲ. ಜೊತೆಗೆ ಅವಳು ಹೋಟೆಲಿನ ನೀರು ಮುಟ್ಟುವವಳಲ್ಲ, ಲಿಂಗಪೂಜೆಯಾಗದೆ ಬಾಯಿಗೆ ಏನೂ ಹಾಕುವವಳಲ್ಲ, ಕಂಡವರ ಜಗುಲಿಯಲ್ಲಿ ಮಲಗುವವಳಂತೂ ಅಲ್ಲವೇ ಅಲ್ಲ. ಹನೂರಿನಲ್ಲಿ ಮುಂದಿನ ಬಸ್ಸು ತಪ್ಪಿತೋ, ಈ ಮೂರನ್ನೂ ಒಂದೇ ದಿನ ಮಾಡಬೇಕಾಗುತ್ತಿತ್ತು.

ಧನಗೆರೆಯಲ್ಲಿ ಹೊಲಗದ್ದೆ ಇದ್ದ ನಮ್ಮ ಭಾವ, ಎಂದರೆ ನಮ್ಮಕ್ಕನ ಗಂಡ, ಹರಾಜಿನಲ್ಲಿ ಒಂದು ಹಳೆಯ ಮಿಲಿಟರಿ ಜೀಪು ಹಿಡಿದಿದ್ದರು. ಜೀಪು ಬಂದ ಮೇಲೆ ಅದಕ್ಕೆ ಕೆಲಸ ಬೇಕಲ್ಲ. ಒಂದು ದಿನ ನಮ್ಮ ಮನೆಯ ಜಗುಲಿಯಲ್ಲಿ ಕೂತು, "ಅತ್ತೆ ಮನೆ ಬುಟ್ಟು ಬರಲ್ಲ ಅಂದ್ರೆ ಮನೇನೇ ಜೀಪ್ನಿಂದೆ ಕಟ್ಕಂಡು ಓಗವ ಕಣೋ ಮೇಷ್ಟ್ರೇ" ಅಂದರು. ನಾನು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ನನ್ನ ಮುಂದೆ ಯಾರಾದರೂ ಇಂಥ ಮಾತಾಡಿದರೆ ಕೈ ಸುಮ್ಮನಿರುವುದಿಲ್ಲ. ಅಂದೇ ಸಂಜೆ ನಕ್ಷೆ ಬರೆದೆ. ಅದರಲ್ಲಿ ಒಳಗಿನಿಂದ ಚಿಲಕ ಹಾಕುವ ಬಾಗಿಲಿತ್ತು, ಲಿಂಗಪೂಜೆಗೆ ಗೂಡಿತ್ತು, ಸಣ್ಣ ಒಲೆಯಿತ್ತು, ಕೊಡ ಅಲುಗಾಡದಂತೆ ಕೂರಿಸಲು ಹಲಗೆಯಲ್ಲಿ ಗುಂಡಗೆ ತೂತಿತ್ತು, ಎಲೆಅಡಿಕೆ ಹಾಕಿ ಉಗುಳಲಿಕ್ಕೆ ಒಂದು ಪುಟ್ಟ ಕಿಟಕಿಯೂ ಇತ್ತು. ಅಂಥ ಕಿಟಕಿ ದೊಡ್ಡ ದೊಡ್ಡ ಸಾಹೇಬರ ಕಾರಿನಲ್ಲೂ ಇರಲಿಕ್ಕಿಲ್ಲ.

ಎಲ್ಲದಕ್ಕೂ ಒಪ್ಪಿಗೆಯಾಯಿತು, ಮಂಚ ಒಂದು ಬಿಟ್ಟು. ಲಾರಿಯ ಸ್ಪ್ರಿಂಗ್ ಪಟ್ಟಿ ಹಾಕಿ ಅದರ ಮೇಲೆ ಹಲಗೆಯ ಮಂಚ ಕೂರಿಸಬೇಕು ಎಂದು ಭಾವ. ನಾಲ್ಕು ಮೂಲೆಗೆ ಕಂಬ ನೆಟ್ಟು, ಮಂಚವನ್ನು ಹಗ್ಗದಲ್ಲಿ ತೂಗುಹಾಕಬೇಕು ಎಂದು ನಾನು. ಬೆಕ್ಕಿಗೆ ಸಿಗದಂತೆ ಅಡುಗೆಮನೆಯಲ್ಲಿ ಮೊಸರಿನ ಗಡಿಗೆಯನ್ನು ನೆಲುವಿನಲ್ಲಿ ತೂಗುಹಾಕುವುದಿಲ್ಲವೇ, ಹಾಗೆ. ನೆಲ ಎಷ್ಟೇ ಕುಣಿಯಲಿ, ನೆಲುವಿನಲ್ಲಿದ್ದದ್ದಕ್ಕೆ ಗೊತ್ತೇ ಆಗುವುದಿಲ್ಲ ಎಂಬುದು ನನ್ನ ವಾದ. "ನಮ್ಮತ್ತೆ ಏನು ಮೊಸರೇನ್ಲಾ ತೂಗಾಕಾಕೆ?" ಎಂದು ಭಾವ ರೇಗಿದರು. ವಾರಗಟ್ಟಲೆ ಈ ಜಗಳ ನಡೆಯಿತು.

ಅವ್ವ ಒಳಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತ ಇದನ್ನೆಲ್ಲ ಕೇಳುತ್ತಿದ್ದಳು. ಒಂದು ದಿನ ಮೊರ ಪಕ್ಕಕ್ಕಿಟ್ಟು ತೀರ್ಮಾನ ಹೇಳಿದಳು: "ಬಾಯಲ್ಲಿ ಗಾಡಿ ಓಡುಸ್ಬ್ಯಾಡಿ. ಎರಡು ಗಡಿಗೇಲಿ ನಾನು ಮೊಸರು ಎಪ್ಪಾಕ್ಕೊಡ್ತೀನಿ. ಅಳಿಯಂದ್ರು ಒಂದ ಸಿಂಬೆ ಮ್ಯಾಲೆ ಮಡಗ್ಲಿ. ನೀನೊಂದ ನೆಲುವಲ್ಲಿ ತೂಗಾಕು. ಊಗ್ಯಕ್ಕೋಗಿ ಗೌರಿ ಮುಂದೆ ಬಾಯಿ ಬಿಚ್ಚಿ. ಯಾವ್ದು ಕೆನೆ ಒಡೀದಂಗೆ ಮುಟ್ಟಿರ್ತದೋ ಅಂಗೆ ಗಾಡಿ ಕಟ್ಟಿ, ನಾ ಬತ್ತೀನಿ. ಎರಡೂ ಒಡ್ದೋದ್ರೆ ಇನ್ನು ಈ ಗಾಡಿ ಮಾತು ನನ್ನ ಮುಂದೆ ಎತ್ತಂಗಿಲ್ಲ."

ಇಂಥ ನ್ಯಾಯವಾದ ಪರೀಕ್ಷೆ ಇನ್ನೊಂದಿಲ್ಲ ಎಂದು ನಮ್ಮಿಬ್ಬರಿಗೂ ಅನ್ನಿಸಿತು. ಇಬ್ಬರೂ ಗೆಲ್ಲುವುದು ತಾವೇ ಎಂದುಕೊಂಡಿದ್ದೆವು.

ಪ್ರಯಾಣ ಶುರುವಾದದ್ದು ಉಲ್ಟಾ ದಿಕ್ಕಿನಲ್ಲಿ, ಯಳಂದೂರಿನ ಕಡೆಗೆ. ಅಲ್ಲಿ ಮರದ ಕಂಟ್ರಾಕ್ಟು ಬಿಟ್ಟು ಮನೆಯಲ್ಲಿ ಕೂತಿದ್ದ ಯಜಮಾನರೊಬ್ಬರ ಹಿತ್ತಲಿನಲ್ಲಿ ಹಳೆಯ ಜೀಪ್ ಟ್ರೈಲರೊಂದು ಬಿದ್ದಿದೆ ಎಂದು ಭಾವನಿಗೆ ಸುದ್ದಿ ಸಿಕ್ಕಿತ್ತು. ಕೊಳ್ಳೇಗಾಲದಿಂದ ಹತ್ತು ಮೈಲಿ ಆಸುಪಾಸು. ಸಂಕ್ರಾಂತಿ ಕಳೆದ ಹೊಸದು, ಬೆಳಗಿನ ಚಳಿಗೆ ಜೀಪು ಎದ್ದೇಳಲಿಲ್ಲ. ಬೀದಿಯ ರೇಷ್ಮೆ ನೇಯುವವರು ಮಗ್ಗ ಬಿಟ್ಟು ಬಂದು ತಳ್ಳಿದರು.

ಯಳಂದೂರಿನ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಎರಡಾಣೆಗೆ ಕೈತುಂಬ ಇಡ್ಲಿ, ಚಟ್ನಿಗೆ ಲೆಕ್ಕವಿಲ್ಲ. ಎಲ್ಲಿಯವರು ಎಂದು ಕೇಳಿದ ಹೋಟೆಲಿನವನು, ಕೊಳ್ಳೇಗಾಲ ಎಂದಕೂಡಲೇ, "ಓ, ಕೊಯಮತ್ತೂರು ಜಿಲ್ಲೆಯೋರು!" ಅಂದ. ಕೊಳ್ಳೇಗಾಲ ಮೈಸೂರಿಗೆ ಸೇರಿ ಎಷ್ಟೋ ವರ್ಷವಾಯಿತಲ್ಲಪ್ಪ ಎಂದೆ. "ಗೊತ್ತು ಬುಡಿ ಸಾ, ಈಗ ನಮ್ಮೋರೇ" ಎಂದು ಇನ್ನೊಂದು ಸೌಟು ಚಟ್ನಿ ಬಡಿಸಿದ. ಹತ್ತು ಮೈಲಿ ದೂರದ ನೆಂಟರನ್ನು ಇವರು ಇನ್ನೂ ಪರದೇಶದವರಂತೆಯೇ ಉಪಚರಿಸುತ್ತಿದ್ದರು.

ಟ್ರೈಲರು ಗಟ್ಟಿಯಾಗಿಯೇ ಇತ್ತು. ಆದರೆ ಅದರೊಳಗೆ ಯಜಮಾನರ ಹೆಂಡತಿಯ ಕೋಳಿಯೊಂದು ಕಾವಿಗೆ ಕೂತಿತ್ತು. ಮರಿಯಾಗುವ ತನಕ ಅಲುಗಿಸಕೂಡದು ಎಂದು ಆಕೆ ಪಟ್ಟು ಹಿಡಿದರು. ಭಾವ ಜೀಪಿನ ಹೆಚ್ಚುಗಾರಿಕೆಯನ್ನೆಲ್ಲ ವಿವರಿಸಿದರು. ಆಕೆ ಕೋಳಿಯದನ್ನು ವಿವರಿಸಿದರು. ಕಡೆಗೆ ಯಜಮಾನರೇ ಮೊಟ್ಟೆಗಳನ್ನು ಒಂದೊಂದಾಗಿ ಬುಟ್ಟಿಗೆ ಎತ್ತಿಟ್ಟು, ಕೋಳಿಯಿಂದ ಕುಕ್ಕಿಸಿಕೊಂಡು, ನಮಗೆ ಗಾಡಿ ಬಿಡಿಸಿಕೊಟ್ಟರು.

ಮಧ್ಯಾಹ್ನದ ಹೊತ್ತಿಗೆ ಕುಲುಮೆಯಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಿಗಳನ್ನು ಅಚ್ಚಿನ ಮೇಲೆ ಬಿಗಿಸಿದ್ದಾಯಿತು. ಬಡಗಿಯ ಹತ್ತಿರ ನನ್ನ ನಾಲ್ಕು ಕಂಬಗಳೂ ನಿಂತವು. ಕುಲುಮೆಯವನು ಕಬ್ಬಿಣವೇ ಸಾಕು, ಮರ ಯಾಕೆ ಎಂದ. ಬಡಗಿ, ಮರವಿದ್ದ ಮೇಲೆ ಕಬ್ಬಿಣ ದಂಡ ಎಂದ. ನಮ್ಮ ಜಗಳವನ್ನೇ ಅವರೂ ಆಡತೊಡಗಿದ್ದರಿಂದ ನಾವು ಬೇಗ ಹೊರಟೆವು. ಖಾಲಿ ಟ್ರೈಲರು ಹಿಂದೆ ಧಡಬಡ ಕುಣಿಯುವ ಸದ್ದಿಗೆ ಪ್ರತಿ ಊರಿನ ನಾಯಿಗಳೂ ಎದ್ದು, ತಮ್ಮ ತಮ್ಮ ಗಡಿಯ ತನಕ ನಮ್ಮನ್ನು ಕಳಿಸಿಕೊಟ್ಟವು. ಅದು ನಮಗೆ ಆಗಲೇ ಪಾಠವಾಗಬೇಕಿತ್ತು. ಹೊಸ ಗಾಡಿಯ ಸಂತೋಷದಲ್ಲಿ ಆಗಲಿಲ್ಲ.

ಆ ಸಂಜೆ ಅವ್ವ ಎರಡು ಗಡಿಗೆಗೂ ಒಂದೇ ಎಮ್ಮೆಯ ಹಾಲು ಕಾಯಿಸಿ ಹೆಪ್ಪು ಹಾಕಿದಳು. ಬೆಳಿಗ್ಗೆ ನೋಡಿದರೆ ಎರಡೂ ಬೆರಳಿಟ್ಟರೆ ನಿಲ್ಲುವಂತೆ ಹೆಪ್ಪಾಗಿದ್ದವು. ಮೇಲೆ ಹಳದಿ ಕೆನೆ. ಬಾಯಿಗೆ ಒದ್ದೆ ಬಟ್ಟೆ ಕಟ್ಟಿ ಕೊಟ್ಟಳು. ಭಾವ ತಮ್ಮದನ್ನು ಹುಲ್ಲಿನ ಸಿಂಬೆಯ ಮೇಲೆ ಕೂರಿಸಿ ಸುತ್ತ ಮರಳು ಒತ್ತಿದರು. ನಾನು ನನ್ನದನ್ನು ಕಂಬಗಳ ನಡುವೆ ನೆಲುವಿನಲ್ಲಿ ತೂಗುಹಾಕಿದೆ. ಮೊಸರಿಗೆ ತೊಂದರೆಯಾಗದಿರಲಿ ಎಂದು ಟ್ರೈಲರಿನಲ್ಲಿ ಬೇರೆ ಒಂದು ಕಡ್ಡಿಯನ್ನೂ ಇಡಲಿಲ್ಲ. ಪೆಟ್ರೋಲ್ ಡಬ್ಬ, ಹಾಸಿಗೆ, ಬುತ್ತಿ ಎಲ್ಲವನ್ನೂ ಜೀಪಿನಲ್ಲೇ ತುಂಬಿಕೊಂಡು, ಕಾಲಿಡಲು ಜಾಗವಿಲ್ಲದೆ ಮುದುರಿ ಕೂತೆವು. ಹೊರಡುವಾಗ ಅವ್ವ ಬಾಗಿಲಿಗೆ ಬಂದು ಗಡಿಗೆಗಳನ್ನೇ ನೋಡುತ್ತ ನಿಂತಳು. ಅವಳ ಮುಖದಲ್ಲಿ ಆಸೆಯಿದೆ ಎಂದು ನನಗೆ ಕಂಡಿತು. ಹೇಗಾದರೂ ಇವಳನ್ನು ಹೂಗ್ಯಂ ಮುಟ್ಟಿಸಲೇಬೇಕು ಎಂದುಕೊಂಡು, ನೆಲುವಿನ ಗಂಟನ್ನು ಇನ್ನೊಮ್ಮೆ ಬಿಗಿದೆ.

ಮಧುವನಹಳ್ಳಿಯ ತನಕ ದಾರಿ ಸಲೀಸು. ನಾನು ಹಿಂದಕ್ಕೆ ತಿರುಗಿ ಕೂತು ಗಡಿಗೆಗಳನ್ನು ಕಾಯುತ್ತಿದ್ದೆ. ಹನೂರಿನವರೆಗೆ ಹದಿನೈದು ಮೈಲಿ, ಬಸ್ಸಿನಲ್ಲಾದರೆ ಗಂಟೆಯ ದಾರಿ. ನಾವು ಅದನ್ನು ಅರ್ಧ ದಿನ ಮಾಡಿದೆವು. ಬಂಡಿಜಾಡು ಸಿಕ್ಕಲ್ಲೆಲ್ಲ ಭಾವ ತಮ್ಮ ಗಡಿಗೆಯ ಕಡೆಯ ಚಕ್ರವನ್ನು ಮೆತ್ತನೆಯ ಮಣ್ಣಿನಲ್ಲಿ ಬಿಟ್ಟು, ನನ್ನ ಕಡೆಯದನ್ನು ಕಲ್ಲಿನ ಮೇಲೆ ಹತ್ತಿಸುತ್ತಿದ್ದರು. "ಮೋಸ ಮಾಡ್ತಿದ್ದೀರಿ ಭಾವ" ಎಂದೆ. "ರಸ್ತೆ ನಾನು ಮಾಡ್ಸಿದ್ನೇನ್ಲಾ?" ಅಂದರು. ಕಾಮಗೆರೆಯಲ್ಲಿ ನಿಲ್ಲಿಸಿ ಬಟ್ಟೆ ಬಿಚ್ಚಿ ನೋಡಿದೆವು. ಎರಡರಲ್ಲೂ ಕೆನೆ ಸುಕ್ಕುಗಟ್ಟಿತ್ತು, ಒಡೆದಿರಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಬೇಸರ ತೋರಿಸಿಕೊಳ್ಳದೆ ಗಾಡಿ ಹತ್ತಿದೆವು.

ಹನೂರಿನಲ್ಲಿ ಸಂತೆಯ ದಿನವಲ್ಲದಿದ್ದರೂ ನಮ್ಮ ಸುತ್ತ ಸಂತೆ ನೆರೆಯಿತು. ಟ್ರೈಲರಿನ ತುಂಬ ಏನೂ ಇಲ್ಲದೆ ಎರಡು ಗಡಿಗೆ ಮಾತ್ರ ಇರುವುದನ್ನು ನೋಡಿ, ಯಾವುದೋ ಮಠಕ್ಕೆ ಹರಕೆ ಎಂದು ಒಬ್ಬರು, ಯಾರದೋ ಅಸ್ಥಿ ಎಂದು ಇನ್ನೊಬ್ಬರು ತೀರ್ಮಾನಿಸಿದರು. ಅಸ್ಥಿ ಎಂದ ಮುದುಕರು ಕೈಮುಗಿದೂ ಬಿಟ್ಟರು. ಇಲ್ಲ, ಮೊಸರು ಎಂದೆ. ಮುಗಿದ ಕೈಯನ್ನು ಅವರು ಬಹಳ ಬೇಸರದಿಂದ ಇಳಿಸಿದರು.

ರಾಮಾಪುರ ದಾಟಿ ಕಾಡಿನ ಗೇಟು ಮುಟ್ಟುವ ಹೊತ್ತಿಗೆ ಬಿಸಿಲು ಇಳಿಯತೊಡಗಿತ್ತು. ಗೇಟಿನ ಪಕ್ಕ ಒಂದು ಟೀ ಅಂಗಡಿ. ಗಾರ್ಡು ಗಾಡಿಯನ್ನು ಒಂದು ಸುತ್ತು ಬಂದು ಕೇಳಿದ:

"ಗಡಿಗೇಲಿ ಏನು ಸಾ?"

"ಮೊಸರು."

"ಎಲ್ಲಿಗೆ?"

"ಹೂಗ್ಯಂಗೆ."

"ಊಗ್ಯದಲ್ಲಿ ಜನಕ್ಕಿಂತ ದನವೇ ಜಾಸ್ತಿ ಅವೆ. ಅಲ್ಲಿಗ್ಯಾಕೆ ಸಾ ಮೊಸರು?"

"ಅಲ್ಲಿಗೆ ಕೊಡಾಕಲ್ಲ ಕಣಪ್ಪ" ಎಂದು ಭಾವ ಸಮಾಧಾನದಿಂದ ಹೇಳಿದರು. "ತೋರುಸ್ಬುಟ್ಟು ವಾಪಸ್ ತಕಂಡೋಯ್ತೀವಿ."

ಗಾರ್ಡಿನ ಮುಖ ಬಿಗಿಯಾಯಿತು. ಕಳ್ಳಭಟ್ಟಿ ಸಾಗಿಸುವವರು ಅಷ್ಟು ದಿನದಲ್ಲಿ ಎಷ್ಟೋ ಕಥೆ ಹೇಳಿರಬಹುದು, ಇಷ್ಟು ಕೆಟ್ಟದನ್ನು ಯಾರೂ ಹೇಳಿರಲಿಕ್ಕಿಲ್ಲ. ಅವನು ಭಾವನ ಗಡಿಗೆಗೆ ಕೈ ಹಾಕಿ ಅಲುಗಿಸಹೋದ. ಭಾವ ಓಡಿಹೋಗಿ ಅಡ್ಡ ನಿಂತು, "ಅಲುಗುಸ್ಬ್ಯಾಡಿ! ಅದು ನಮ್ಮತ್ತೆ ಕಣ್ರಿ!" ಎಂದು ಕೂಗಿದರು.

ಇದರಿಂದ ವಿಷಯ ಇನ್ನಷ್ಟು ಕೆಟ್ಟಿತು. ಟೀ ಅಂಗಡಿಯ ಹೆಂಗಸು ಹೊರಗೆ ಬಂದು, "ತಯಿರಾ? ಇವ್ಳೋ ದೂರಂ ತಯಿರಾ?" ಎಂದು ತಮಿಳಿನಲ್ಲಿ ಬೆರಗಾದಳು. ಮೊಸರಿಗೆ ಇಷ್ಟು ದೂರದ ಪ್ರಯಾಣವೇ ಎಂದು ಅವಳ ಮಾತಿನ ಅರ್ಥ. ನಾನು ಅವ್ವನ ಸೊಂಟದಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಕೇಳುತ್ತ ಕೇಳುತ್ತ ಅವಳ ಕಣ್ಣು ತೇವವಾಯಿತು. ತನಗೂ ದೂರದಲ್ಲಿ ಒಬ್ಬ ಅಕ್ಕನಿದ್ದಾಳೆ ಎಂದಳು. ಗಾರ್ಡು ಮಾತ್ರ ಬಗ್ಗಿ, ಅಲುಗಿಸದೆ, ಬಟ್ಟೆಯ ಮೇಲೆ ಮೂಗಿಟ್ಟು ಮೂಸಿದ. "ಮೊಸರೇ. ಆದ್ರೆ ಉಳಿ ಬಂದ್ಬುಟ್ಟದೆ" ಎಂದು ಗೇಟು ಎತ್ತಿದ.

ಗೇಟು ದಾಟಿದ ಮೇಲೆ ಅದು ರಸ್ತೆಯಲ್ಲ, ರಸ್ತೆಯ ನೆನಪು. ಅಲ್ಲಲ್ಲಿ ಕಲ್ಲು, ಕೊರಕಲು, ಎರಡೂ ಕಡೆ ಒಣಗಿದ ಹುಲ್ಲು, ಮುಳ್ಳುಗಿಡ. ಟ್ರೈಲರು ನಡೆಯುವುದನ್ನು ಬಿಟ್ಟು ಎಗರತೊಡಗಿತು. ಭಾವನ ಗಡಿಗೆ ಸಿಂಬೆಯ ಸಮೇತ ಮೇಲೆದ್ದು ಮೇಲೆದ್ದು ಕೂರುತ್ತಿತ್ತು. ನನ್ನದು ತೊಟ್ಟಿಲಿನ ಹಾಗೆ ಈ ಕಂಬದಿಂದ ಆ ಕಂಬಕ್ಕೆ ಜೀಕುತ್ತಿತ್ತು. "ನಿಧಾನ ಭಾವ, ನಿಧಾನ!" ಎಂದು ನಾನು. "ಇದ್ಕಿಂತ ನಿಧಾನ ಅಂದ್ರೆ ಇಳ್ದು ತಳ್ಬೇಕು ಕಣ್ಲಾ!" ಎಂದು ಅವರು.

ಒಣಗಿದ ಹಳ್ಳವೊಂದಕ್ಕೆ ಇಳಿದೆವು. ಜೀಪು ಇಳಿಯಿತು, ಏರಿತು. ಟ್ರೈಲರು ಇಳಿಯಿತು, ಏರುವ ಮುಂಚೆ ಒಂದು ಬಂಡೆಯನ್ನು ಗುದ್ದಿ ನಿಂತಿತು. ನನ್ನ ಗಡಿಗೆ ನೆಲುವಿನ ಹಗ್ಗದುದ್ದಕ್ಕೂ ಹಿಂದಕ್ಕೆ ಹೋಗಿ, ಅದೇ ರಭಸದಲ್ಲಿ ಮುಂದೆ ಬಂದು, ಸಿಂಬೆಯಿಂದ ಆಗತಾನೇ ಎದ್ದಿದ್ದ ಭಾವನ ಗಡಿಗೆಯ ಕುತ್ತಿಗೆಗೆ ಟಗರಿನ ಹಾಗೆ ಢಿಕ್ಕಿ ಹೊಡೆಯಿತು.

ಇಳಿದು ನೋಡಿದೆವು. ಭಾವನ ಗಡಿಗೆಯ ಕಂಠ ಹೋಗಿ, ಬಿರುಕಿನಲ್ಲಿ ನೀರು ಸೋರಿ, ತಳದಲ್ಲಿ ಒಂದಿಷ್ಟು ಪುಡಿಮೊಸರು ಉಳಿದಿತ್ತು. "ನಿನ್ನದು ಓಡ್ಬಂದು ನನ್ನದ್ಕೆ ಗುದ್ತು. ಇದು ಲೆಕ್ಕಕ್ಕಿಲ್ಲ" ಅಂದರು. ನನ್ನ ಗಡಿಗೆಗೆ ಒಂದು ಗೀರೂ ಆಗಿರಲಿಲ್ಲ. ಹೆಮ್ಮೆಯಿಂದ ಬಟ್ಟೆ ಬಿಚ್ಚಿದೆ. ಒಳಗೆ ತೆಳ್ಳನೆಯ ಮಜ್ಜಿಗೆ, ಅದರ ಮೇಲೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆಯ ಉಂಡೆ ತೇಲುತ್ತಿತ್ತು. ಭಾವ ಬಗ್ಗಿ ಇಣುಕಿದರು. "ಅತ್ತೆನ ಇದ್ರಲ್ಲಿ ಕೂರ್ಸಿದ್ರೆ ಊಗ್ಯದಲ್ಲಿ ಇಳ್ಯವೊತ್ಗೆ ಕಡೆದಾಕ್ಬುಟ್ಟಿರ್ತಿತ್ತು" ಅಂದರು. ಇಬ್ಬರೂ ನಕ್ಕೆವು, ಆಮೇಲೆ ನಗು ನಿಂತಿತು. ಅವ್ವ ಕೊಟ್ಟ ಮಾತು ನೆನಪಾಯಿತು. ಇನ್ನು ಗಾಡಿಯ ಮಾತು ಎತ್ತುವಂತಿರಲಿಲ್ಲ. ಅಕ್ಕತಂಗಿಯರು ಮತ್ತೆ ನೋಡದೆಯೇ ಹೋಗಿಬಿಡುತ್ತಾರೇನೋ ಎಂದು ನನಗೆ ನಿಜವಾಗಿ ದುಃಖವಾಯಿತು.

ಹೂಗ್ಯಂ ಮುಟ್ಟಿದಾಗ ದನ ಮನೆಗೆ ತಿರುಗುವ ಹೊತ್ತು. ಚಿಕ್ಕವ್ವ ಹಟ್ಟಿಯಲ್ಲಿ ರಾಗಿಹುಲ್ಲು ಮೆದೆಯಿಂದ ಕೀಳುತ್ತಿದ್ದಳು. ಅವ್ವನದೇ ಮುಖ, ಒಂದಿಷ್ಟು ಉದ್ದಕ್ಕೆ ಎಳೆದಂತೆ. ಅವಳ ಮಗ ಸೊಸೆ ಓಡಿಬಂದು ಕಾಲಿಗೆ ನೀರು ಕೊಟ್ಟರು. ನಾವು ತಪ್ಪು ಮಾಡಿದ ಹುಡುಗರ ಹಾಗೆ ಎರಡು ಗಡಿಗೆಗಳನ್ನೂ ತಂದು ಅವಳ ಮುಂದಿಟ್ಟು ಕಥೆ ಹೇಳಿದೆವು. ಹೇಳಿ ಮುಗಿಸಿದ ಮೇಲೆ ಭಾವ ಗಂಟಲು ಸರಿಮಾಡಿಕೊಂಡು, "ಚಿಕ್ಕತ್ತೆ, ನಿಮ್ಮನೇಲೂ ಮೊಸರಿರ್ತದಲ್ಲ, ಅದನ್ನೇ ಒಂದು ಗಡಿಗೆಗೆ..." ಎಂದು ಶುರುಮಾಡಿದರು.

ಚಿಕ್ಕವ್ವ ನಕ್ಕ ನಗುವಿಗೆ ಕಟ್ಟಿದ್ದ ಎಮ್ಮೆ ತಲೆಯೆತ್ತಿತು. "ಅಳಿಯಂದ್ರೇ, ಈ ರಸ್ತೇಲಿ ಮೊಸರು ಒಡೀದಂಗೆ ಬತ್ತದಾ? ಅಕ್ಕನಿಗೆ ಗೊತ್ತಿಲ್ವಾ? ಅವ್ಳೂ ಇದೇ ರಸ್ತೇಲಿ ಬಂದೋಗಿರವ್ಳೇ ಅಲ್ವಾ? ಬರಕ್ಕಿಲ್ಲ ಅಂತ ಬಾಯ್ಬುಟ್ಟು ಅನ್ನಾಕಾಗ್ದೆ ಮೊಸರ ಅಡ್ಡ ಮಡಗವ್ಳೆ. ಭಯ ಅವ್ಳಿಗೆ" ಅಂದಳು. ಆಮೇಲೆ ಬೆಣ್ಣೆಯ ಉಂಡೆಯನ್ನು ಬೆರಳಲ್ಲಿ ಎತ್ತಿ ನೋಡಿ, ದನಿ ತಗ್ಗಿಸಿ, "ಅದಿರ್ಲಿ. ಇಷ್ಟು ವರ್ಸದಲ್ಲಿ ಒಬ್ರಾದ್ರೂ ಬಂದು 'ಬಾ ಚಿಕ್ಕವ್ವ, ಅಕ್ಕನ ಮನೆಗೆ ಓಗವ' ಅಂತ ಕರುದ್ರೇನ್ಲಾ? ಕರೀದೆ ಎಂಗೆ ಬರ್ಲಿ? ಈಗ ಮನೆ ಮುಂದೆ ಗಾಡಿ ತಂದ್ರಿ, ಅದ್ರಲ್ಲೂ ಮೊಸರ ಕೂರುಸ್ಕಂಡು ಬಂದ್ರಿ" ಅಂದಳು.

ಕರೆಯಲು ಯಾರಾದರೂ ಬಾರದೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿನವರ ಮನೆಗೆ ಹೊರಡುವುದಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಅವ್ವನನ್ನು ಇಲ್ಲಿಗೆ ತರುವುದು ಹೇಗೆ ಎಂಬ ನಕ್ಷೆಯಲ್ಲಿ ಮುಳುಗಿದ್ದ ನಮಗೆ, ಇವಳನ್ನು ಅಲ್ಲಿಗೆ ಒಯ್ಯಬಹುದು ಎಂದು ಹೊಳೆದೇ ಇರಲಿಲ್ಲ. ಭಾವ ಎದ್ದು ನಿಂತು, ಟೋಪಿ ತೆಗೆದು, "ಬನ್ನಿ ಚಿಕ್ಕತ್ತೆ, ಅಕ್ಕನ ಮನೆಗೆ ಓಗವ" ಎಂದು ಕ್ರಮವಾಗಿ ಕರೆದರು. ಆ ರಾತ್ರಿ ಮುದ್ದೆ, ಅವರೆಕಾಳಿನ ಸಾರು, ಮೇಲೆ ನನ್ನ ನೆಲುವಿನ ಬೆಣ್ಣೆ. ಒಳ್ಳೆಯ ಬೆಣ್ಣೆ ಎಂದು ಎಲ್ಲರೂ ಒಪ್ಪಿದರು.

ಬೆಳಿಗ್ಗೆ ನಾವು ಏಳುವುದರೊಳಗೆ ಚಿಕ್ಕವ್ವ ಗಾಡಿ ತುಂಬಿಸಿಯಾಗಿತ್ತು. ಟ್ರೈಲರಿನ ತುಂಬ ಮೊಣಕಾಲುದ್ದ ರಾಗಿಹುಲ್ಲು, ಅದರ ಮೇಲೆ ಒಂದು ಮೂಟೆ ರಾಗಿ, ಒಂದು ಕುಕ್ಕೆ ಹುಣಸೆಹಣ್ಣು. ಇವೆಲ್ಲದರ ನಡುವೆ, ತವರಿನಿಂದ ಬಳುವಳಿಯಾಗಿ ಬಂದಿದ್ದ ಬೀಸುವ ಕಲ್ಲು, ಅಡಿಯದೂ ಮೇಲಿನದೂ. ಅವಳ ಮಗ ಅದನ್ನು ನನ್ನ ನೆಲುವಿನ ಹಗ್ಗದಿಂದಲೇ ನನ್ನ ಕಂಬಗಳಿಗೆ ಬಿಗಿದಿದ್ದ. ಭಾವನ ಸಿಂಬೆಯನ್ನು ಚಿಕ್ಕವ್ವ ತಲೆದಿಂಬು ಮಾಡಿಕೊಂಡಿದ್ದಳು.

"ಈ ಕಲ್ಲು ಯಾಕೆ ಚಿಕ್ಕವ್ವ? ಕೊಳ್ಳೇಗಾಲದಲ್ಲಿ ಮಿಲ್ಲಿದೆ" ಎಂದೆ.

"ಮಿಲ್ಲಿಗೆ ಎದುರು ಕೂರವ್ರು ಯಾರ್ಲಾ?" ಅಂದಳು.

ಹತ್ತಿ ಕೂತ ಮೇಲೆ ಸೊಸೆಯಿಂದ ಒಂದು ಗಡಿಗೆ ಈಸಿಕೊಂಡು ಮಡಿಲಲ್ಲಿಟ್ಟುಕೊಂಡಳು. ರಾತ್ರಿಯೇ ಹೆಪ್ಪು ಹಾಕಿದ್ದ ಮೊಸರು. ಬೇಡ ಚಿಕ್ಕವ್ವ, ಮೊಸರು ಮಾತ್ರ ಬೇಡ ಎಂದು ನಾವಿಬ್ಬರೂ ಒಂದೇ ದನಿಯಲ್ಲಿ ಅಂದೆವು. "ಅಕ್ಕನ ಮನೆಗೆ ಬರಿಗೈಲಿ ಓಗಾರಾ?" ಎಂದು ಸೆರಗು ಹೊದ್ದು ಕೂತುಬಿಟ್ಟಳು.

ಹಳ್ಳ ದಾಟಿತು. ಹಿಂದಿನಿಂದ ಒಂದು ಸದ್ದೂ ಇಲ್ಲ. ಕಲ್ಲಿನ ಕೊರಕಲು ದಾಟಿತು. ಸದ್ದಿಲ್ಲ. ಗೇಟು ಇನ್ನೂ ಅರ್ಧ ಮೈಲಿ ಇರುವಾಗ ಭಾವನಿಗೆ ಗಾಬರಿಯಾಯಿತು. "ಲೇ, ಚಿಕ್ಕತ್ತೆ ಅವ್ರಾ, ಬಿದ್ಗಿದ್ದೋದ್ರಾ?" ಎಂದು ಗಾಡಿ ನಿಲ್ಲಿಸಿ ಓಡಿದರು. ಚಿಕ್ಕವ್ವ ರಾಗಿಮೂಟೆಗೆ ಒರಗಿ, ಗಡಿಗೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ನಾನು ಬಗ್ಗಿ ಅಚ್ಚಿನ ಕಡೆ ನೋಡಿದೆ. ನೆನ್ನೆ ಬಿಲ್ಲಿನ ಹಾಗೆ ಬಿರುಸಾಗಿ ನಿಂತಿದ್ದ ಸ್ಪ್ರಿಂಗ್ ಪಟ್ಟಿಗಳು ಈಗ ಕಲ್ಲಿನ ಭಾರಕ್ಕೆ ಕುಗ್ಗಿ ಮೆತ್ತಗೆ ಉಸಿರಾಡುತ್ತಿದ್ದವು. ಲಾರಿಯ ಸ್ಪ್ರಿಂಗು ಎರಡು ಗಡಿಗೆ ಮೊಸರಿಗೆ ಬಗ್ಗುವುದುಂಟೇ? ಮೊಸರಿಗೆ ತೊಂದರೆಯಾಗದಿರಲಿ ಎಂದು ಗಾಡಿ ಖಾಲಿ ಬಿಟ್ಟು, ನಾವೇ ಅದನ್ನು ಕುಣಿಸಿದ್ದೆವು. ತುಂಬಿದ ಕೊಡ ತುಳುಕುವುದಿಲ್ಲ ಎಂದು ನಮ್ಮ ಶಾಲೆಯ ಗೋಡೆಯ ಮೇಲೆ ಚಂದದ ಅಕ್ಷರದಲ್ಲಿ ಬರೆದವನೇ ನಾನು.

"ನಾನೇಳಿದ್ನಲ್ಲ, ಸ್ಪ್ರಿಂಗ್ ಪಟ್ಟಿ!" ಎಂದು ಭಾವ ತೊಡೆ ತಟ್ಟಿದರು. ಕಲ್ಲು ಅಲುಗದಂತೆ ಹಿಡಿದಿರುವುದು ನನ್ನ ಹಗ್ಗ ಮತ್ತು ಕಂಬ ಎಂದು ನಾನು ತೋರಿಸಿದೆ. ಚಿಕ್ಕವ್ವ ಎದ್ದಾಳೆಂದು ಜಗಳವನ್ನು ಪಿಸುಮಾತಿನಲ್ಲೇ ಮುಗಿಸಿದೆವು.

ಗೇಟಿನಲ್ಲಿ ಅದೇ ಗಾರ್ಡು. ಟ್ರೈಲರಿನೊಳಗೆ ಇಣುಕಿ ನೋಡಿ, "ಏನ್ ಸಾ, ಮೊಸರು ಕೊಟ್ಟು ಅಜ್ಜಿ ತಂದ್ರಾ?" ಅಂದ. ಟೀ ಅಂಗಡಿಯ ಹೆಂಗಸು ಮೂವರಿಗೂ ಟೀ ತಂದುಕೊಟ್ಟಳು, ಕಾಸು ಮುಟ್ಟಲಿಲ್ಲ. ಹನೂರು, ಕಾಮಗೆರೆ, ಮಧುವನಹಳ್ಳಿ ಎಲ್ಲವೂ ಹಗಲಲ್ಲೇ ದಾಟಿದವು. ಈ ಸಲ ಒಂದು ನಾಯಿಯೂ ಬೊಗಳಲಿಲ್ಲ.

ಕೊಳ್ಳೇಗಾಲದ ನಮ್ಮ ಮನೆಯ ಮುಂದೆ ಗಾಡಿ ನಿಂತಾಗ ಅವ್ವ ಜಗುಲಿಯಲ್ಲಿ ಅವರೆಕಾಯಿಯ ಮೊರ ಹಿಡಿದು ಕೂತಿದ್ದಳು. ತಲೆ ಎತ್ತದೆ, "ಎರಡೂ ಒಡ್ದೋದ್ವಾ?" ಎಂದು ಕೇಳಿದಳು.

"ಒಡ್ದಿಲ್ಲ ಕಣಕ್ಕ" ಎಂದು ಟ್ರೈಲರಿನಿಂದ ಉತ್ತರ ಬಂತು.

ಮೊರ ಜಗುಲಿಯಿಂದ ಬೀದಿಗೆ ಬಿತ್ತು. ಅವರೆಕಾಳು ಚೆಲ್ಲಾಪಿಲ್ಲಿಯಾಯಿತು. ಸೊಂಟದ ನೋವಿನ ಅವ್ವ ಹೇಗೆ ಇಳಿದಳೋ, ಗಾಡಿಯ ಹತ್ತಿರ ಬಂದು ತಂಗಿಯ ಕೆನ್ನೆ, ಭುಜ, ಕೈ ಎಲ್ಲ ಮುಟ್ಟಿ ನೋಡಿ, "ಎಷ್ಟು ಸಣ್ಣಾಗಿದ್ದೀಯೆ! ಊಟ ಆಕ್ತಾರೋ ಇಲ್ವೋ!" ಎಂದು ಬೈಯತೊಡಗಿದಳು. ಬೈಯುತ್ತಲೇ ಅತ್ತಳು. ಭಾವ ಬೀದಿಯಲ್ಲಿ ಕೂತು ಒಂದೊಂದಾಗಿ ಅವರೆಕಾಳು ಆರಿಸಿದರು, ಯಾರಿಗೂ ಮುಖ ತೋರಿಸಲಿಲ್ಲ.

ಒಳಗೆ ಕೂತ ಮೇಲೆ ಚಿಕ್ಕವ್ವ ಗಡಿಗೆಯ ಬಟ್ಟೆ ಬಿಚ್ಚಿದಳು. ಕೆನೆ ಹಾಗೇ ಇತ್ತು. ಅವ್ವ ಸೌಟು ಹಾಕಿ ಕತ್ತರಿಸಿದಳು. ಕತ್ತರಿಸಿದ ಕಡೆ ಗೋಡೆಯ ಹಾಗೆ ನಿಂತಿತು. ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿ, "ಇದು ಸಿಂಬೆ ಮ್ಯಾಲಿದ್ದುದ್ದಾ, ನೆಲುವಲ್ಲಿದ್ದುದ್ದಾ?" ಎಂದಳು.

"ನನ್ನ ಮಡ್ಲಲ್ಲಿತ್ತು" ಅಂದಳು ಚಿಕ್ಕವ್ವ. "ಊಗ್ಯದಿಂದ ಇಲ್ಲೀಗಂಟ ಒಡೀದಂಗೆ ಬಂದದೆ. ನೀನು ಮಾತು ಕೊಟ್ಟಿದ್ದೀಯಂತೆ. ನನ್ನ ಕಳ್ಸಿಕೊಡಾಕೆ ಈಗ ನೀನೇ ಬರ್ಬೇಕು."

ಅವ್ವ ಸೌಟನ್ನು ಕೆಳಗಿಟ್ಟಳು. "ನಂಗೆ ಭಯ ಕಣೆ ಗೌರಿ" ಅಂದಳು. ಅಷ್ಟು ವರ್ಷದಲ್ಲಿ ಅವಳ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

"ಗೊತ್ತು. ಅದ್ಕೇ ಒಬ್ಳೇ ಬ್ಯಾಡ. ನನ್ನ ಪಕ್ದಲ್ಲಿ ಕೂತ್ಕೊ. ಮೊಸರ ಇಡ್ಕಂಡವ್ಳು ನಿನ್ನ ಇಡ್ಕಳ್ದೇ ಇದ್ದೀನಾ?"

ಮಾರನೆಯ ದಿನದಿಂದ ನಮ್ಮ ಹಿತ್ತಿಲಲ್ಲಿ ಬೀಸುವ ಕಲ್ಲಿನ ಸದ್ದು. ಇಬ್ಬರೂ ಎದುರುಬದುರು ಕೂತು, ಒಂದೇ ಗೂಟಕ್ಕೆ ನಾಲ್ಕು ಕೈ ಹಾಕಿ, ಬೀಸುವ ಪದಗಳ ಮರೆತ ಸಾಲುಗಳಿಗಾಗಿ ಜಗಳವಾಡುತ್ತ, ಹಾಡುತ್ತ ಬೀಸಿದರು. ಭಾರದ ಕಲ್ಲು ಇಲ್ಲೇ ಇರಲಿ, ಹೊರಲಾರೆ ಎಂದು ಭಾವ ಅಂದಾಗ, ಅದಿಲ್ಲದಿದ್ದರೆ ನಿಮ್ಮ ಗಾಡಿ ಕುಣಿಯುತ್ತದಂತಲ್ಲ ಎಂದು ಅವ್ವನೇ ಬಾಯಿ ಮುಚ್ಚಿಸಿದಳು.

ಒಂದು ಮಧ್ಯಾಹ್ನ ಅವ್ವ ನಕ್ಷೆ ತರಿಸಿದಳು. ಕೈಯಲ್ಲಿ ಹಿಡಿದುಕೊಂಡು ನಾನು ಒಂದೊಂದನ್ನೇ ವಿವರಿಸಿದೆ. ಬಾಗಿಲು ಬೇಡ, ಗಾಳಿ ಬರಲಿ ಅಂದಳು. ಒಲೆ ಬೇಡ, ಬುತ್ತಿ ಸಾಕು ಅಂದಳು. ಪೂಜೆಯ ಗೂಡು ಇರಲಿ. ಉಗುಳುವ ಕಿಟಕಿಯನ್ನು ಇಬ್ಬರೂ ಮೆಚ್ಚಿದರು, ಆದರೆ ಬಾಗಿಲೇ ಇಲ್ಲದ ಮೇಲೆ ಅದಕ್ಕೆ ಕೆಲಸವಿರಲಿಲ್ಲ. ಮಂಚದ ಮೇಲೆ ಅವ್ವನ ಬೆರಳು ನಿಂತಿತು.

"ಇದು ಎಷ್ಟು ಜನಕ್ಕೆ?"

"ಒಬ್ಬರಿಗೆ ಅವ್ವ. ನಿನಗೆ."

"ಗೌರಿ ಎಲ್ಲಿ ಕೂರ್ತಾಳ್ಲಾ?"

ಆರು ಸಲ ತಿದ್ದಿ ಬರೆದ ಆ ನಕ್ಷೆಯಲ್ಲಿ ನೀರಿನ ಕೊಡಕ್ಕೆ ಜಾಗವಿತ್ತು, ಚಿಕ್ಕವ್ವನಿಗೆ ಇರಲಿಲ್ಲ. ಅವಳನ್ನು ನೋಡಲೆಂದೇ ಕಟ್ಟಹೊರಟಿದ್ದ ಗಾಡಿ ಅದು. ರಬ್ಬರು ತಂದು ಮಂಚವನ್ನು ಪೂರ್ತಿ ಅಳಿಸಿದೆ. ಹೊಸ ಅಗಲ ಎಷ್ಟು ಬೇಕು ಎಂದು ಗೊತ್ತಾಗಲಿ ಎಂದು, ಇಬ್ಬರೂ ಜಗುಲಿಯ ಮೇಲೆ ಪಕ್ಕಪಕ್ಕ ಕೂತುಕೊಳ್ಳಿ ಎಂದೆ. ಕೂತರು. ಶಾಲೆಯ ಉದ್ದದ ಸ್ಕೇಲು ಹಿಡಿದು, ಅವ್ವನ ಈ ಭುಜದಿಂದ ಚಿಕ್ಕವ್ವನ ಆ ಭುಜದ ತನಕ ಅಳೆದೆ. ಒಬ್ಬರಿಗೊಬ್ಬರು ಎಷ್ಟು ಒತ್ತಿ ಕೂತಿದ್ದರೆಂದರೆ, ಮೊದಲು ಒಬ್ಬರಿಗೆಂದು ಬರೆದಿದ್ದಕ್ಕಿಂತ ಎರಡು ಗೇಣು ಹೆಚ್ಚಿಸಿದರೆ ಸಾಕಾಗಿತ್ತು.